ಜಾಗಕ್ಕೆ ಹಿಸೆ, ನೀರಿಗೆ ಪಾಳಿ: ಒಂದೇ ಮೇನ್‌ಫ್ರೇಮ್‌ನಲ್ಲಿ ಹತ್ತಾರು ಆಪರೇಟಿಂಗ್ ಸಿಸ್ಟಮ್

ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಜಾಗ ಹಿಸೆ ಆಗಿದೆ, ನೀರು ಹಿಸೆ ಆಗಿಲ್ಲ. ಅಜ್ಜನ ಕಾಲದಲ್ಲಿ ಒಂದೇ ಇದ್ದ ತೋಟ ಈಗ ಮೂರು ಮನೆಗೆ ಸೇರಿದೆ. ಗಡಿಗೆ ಕಲ್ಲು ಹುಗಿದಿದ್ದಾರೆ. ಕಲ್ಲಿನ ಆಚೆಗಿನ ಮರ ದೊಡ್ಡಪ್ಪನದು, ಈಚೆಗಿನದು ನಮ್ಮದು. ಅದರಲ್ಲಿ ಮಾತೇ ಇಲ್ಲ. ಆದರೆ ಮೇಲಿನ ಕೆರೆ ಒಂದೇ. ಅದರ ನೀರು ಪಾಳಿಯ ಮೇಲೆ ಬರುತ್ತದೆ. ದೊಡ್ಡಪ್ಪನಿಗೆ ತೋಟ ಜಾಸ್ತಿ, ಹಾಗಾಗಿ ಅವರ ಪಾಳಿಯೂ ಉದ್ದ. ಅವರ ಮರಗಳಿಗೆ ಸಾಕಾದ ದಿನ ಅಲ್ಲಿಂದಲೇ ಕೂಗುತ್ತಾರೆ: "ತಂಗೀ, ನೀರು ಸುಮ್ನೆ ಹಳ್ಳಕ್ಕೆ ಹೋಪದು ಬ್ಯಾಡ, ನಿಂಗಳ ಬದಿಗೆ ತಿರಗ್ಸು."

ನನ್ನ ಕೆಲಸ ಮೇನ್‌ಫ್ರೇಮ್ ನೋಡಿಕೊಳ್ಳುವುದು. ಮೇನ್‌ಫ್ರೇಮ್ ಅಂದರೆ ಬ್ಯಾಂಕಿನಂಥ ಕಡೆ ಇಡುವ ಭಾರೀ ಕಂಪ್ಯೂಟರ್. ಇದು ವಿದೇಶದ ಒಂದು ಬ್ಯಾಂಕಿನ ಮೆಷಿನ್. ರಾತ್ರಿ ಪಾಳಿ, ಮನೆಯಿಂದಲೇ. ಹೊಸದಾಗಿ ಸೇರಿದ ಹುಡುಗರು ಹುಡುಗಿಯರು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಾರೆ. ಮೆಷಿನ್ ಒಂದೇ ಇದೆ, ಅದರೊಳಗೆ ಇಪ್ಪತ್ತು ಆಪರೇಟಿಂಗ್ ಸಿಸ್ಟಮ್ ಓಡುತ್ತಿವೆ. ಪ್ರತಿಯೊಂದೂ ಮೆಷಿನ್ ಪೂರ್ತಿ ತನ್ನದೇ ಅಂದುಕೊಂಡಿದೆ. ಇದು ಹೇಗೆ ಸಾಧ್ಯ? ನಾನು ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಮೆಮೊರಿ ಅಂದರೆ ಜಾಗ, ಅದು ಹಿಸೆ ಆಗುತ್ತದೆ. ಪ್ರೊಸೆಸರ್ ಅಂದರೆ ನೀರು, ಅದು ಪಾಳಿಯಲ್ಲಿ ಬರುತ್ತದೆ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಉಳಿದಿದ್ದೆಲ್ಲ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಮೊದಲು ಮೆಷಿನ್ ಎಷ್ಟು ದೊಡ್ಡದು ಅಂತ ನೋಡಿ. ಐಬಿಎಂ 2022ರಲ್ಲಿ ತಂದ ಝಡ್16 ಮೇನ್‌ಫ್ರೇಮ್‌ನಲ್ಲಿ 200 ಪ್ರೊಸೆಸರ್ ಕೋರ್‌ವರೆಗೆ, 40 ಟೆರಾಬೈಟ್ ಮೆಮೊರಿವರೆಗೆ ಬಳಸಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 16 ಗಿಗಾಬೈಟ್ ಇದ್ದರೆ ಇದು ಅದರ ಎರಡೂವರೆ ಸಾವಿರ ಪಟ್ಟು. ಇದನ್ನು 85 ಪಾಲಿನವರೆಗೆ ಒಡೆಯಬಹುದು. ಒಂದೊಂದು ಪಾಲಿಗೂ ಲಾಜಿಕಲ್ ಪಾರ್ಟಿಷನ್ ಅಂತ ಹೆಸರು. ನಾವು ದಿನಾ ಹೇಳುವುದು ಎಲ್‌ಪಾರ್ ಅಂತ. ಪಾಲು ಮಾಡಿಕೊಡುವ ಯಜಮಾನನ ಹೆಸರು ಪಿಆರ್/ಎಸ್ಎಂ, ಬಾಯಲ್ಲಿ "ಪ್ರಿಜ್ಮ್". ಅದು ಡಿಸ್ಕ್ ತಂದು ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಅಲ್ಲ, ಮೆಷಿನ್ ಜೊತೆಗೇ ಬರುತ್ತದೆ. 2003ರ ಝಡ್990 ಮಾದರಿಯಿಂದ ಈಚೆಗೆ ಪಾಲು ಮಾಡದೆ ಮೇನ್‌ಫ್ರೇಮ್ ಓಡಿಸುವ ದಾರಿಯೇ ಇಲ್ಲ. ಒಂದೇ ಆಪರೇಟಿಂಗ್ ಸಿಸ್ಟಮ್ ಸಾಕು ಅಂದರೂ ಅದು ಒಂದು ಎಲ್‌ಪಾರ್ ಒಳಗೇ ಕೂರಬೇಕು.

ಇಷ್ಟು ಪಾಲು ಯಾಕೆ ಬೇಕು ಅಂತ ಕೇಳಬಹುದು. ಗ್ರಾಹಕರ ಹಣ ಓಡಾಡುವ ಸಿಸ್ಟಮ್‌ಗೆ ಪ್ರೊಡಕ್ಷನ್ ಅನ್ನುತ್ತೇವೆ. ಹೊಸ ಪ್ರೋಗ್ರಾಂ ಬರೆಯುವವರು ಅದರ ಹತ್ತಿರವೂ ಬರಬಾರದು, ಹಾಗಾಗಿ ಅವರಿಗೊಂದು. ಬರೆದಿದ್ದನ್ನು ಪರೀಕ್ಷೆ ಮಾಡುವವರಿಗೆ ಇನ್ನೊಂದು. ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ಬಂತು ಅನ್ನಿ, ನೇರವಾಗಿ ಪ್ರೊಡಕ್ಷನ್‌ಗೆ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ. ಅದನ್ನು ಕೂರಿಸಿ ನೋಡಲು ಮತ್ತೊಂದು. ಬೇರೆ ಬೇರೆ ಜಾತಿಯ ಸಿಸ್ಟಮ್‌ಗಳೂ ಒಂದೇ ಮೆಷಿನ್‌ನಲ್ಲಿ ಇರಬಹುದು: ಬ್ಯಾಂಕ್ ಕೆಲಸಕ್ಕೆ ಝಡ್/ಓಎಸ್, ಟಿಕೆಟ್ ಬುಕಿಂಗ್‌ನಂಥ ರಭಸದ ವಹಿವಾಟಿಗೆ ಝಡ್/ಟಿಪಿಎಫ್, ಪಕ್ಕದಲ್ಲಿ ಲಿನಕ್ಸ್.

ಈಗ ಜಾಗದ ವಿಷಯಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಮೆಮೊರಿ ಅಂದರೆ ಸಾಲಾಗಿ ನಂಬರ್ ಹಾಕಿದ ಮನೆಗಳು. ಸೊನ್ನೆಯಿಂದ ಶುರು. ಮೇನ್‌ಫ್ರೇಮ್‌ನ ಯಾವುದೇ ಆಪರೇಟಿಂಗ್ ಸಿಸ್ಟಮ್‌ಗೆ ಸೊನ್ನೆಯ ಹತ್ತಿರದ ಜಾಗ ಬೇಕೇ ಬೇಕು. ಡಿಸ್ಕ್ ಕೆಲಸ ಮುಗಿಸಿ ಕರೆದಾಗ, ಪ್ರೋಗ್ರಾಂ ತಪ್ಪು ಮಾಡಿದಾಗ, ಟೈಮರ್ ಹೊಡೆದಾಗ ಮುಂದೆ ಯಾವ ಕಡೆ ಹೋಗಬೇಕು ಅನ್ನುವುದನ್ನು ಪ್ರೊಸೆಸರ್ ಅಲ್ಲೇ ನೋಡುತ್ತದೆ. ಹಾಗಾದರೆ ಒಂದೇ ಮೆಷಿನ್‌ನಲ್ಲಿ ಎರಡು ಸಿಸ್ಟಮ್ ಇದ್ದರೆ ಸೊನ್ನೆ ಯಾರಿಗೆ?

ಇಬ್ಬರಿಗೂ. ಪ್ರಿಜ್ಮ್ ಪ್ರತಿ ಎಲ್‌ಪಾರ್‌ಗೂ ಒಂದು ಶುರು ಮತ್ತು ಒಂದು ಕೊನೆ ಗೊತ್ತು ಮಾಡಿರುತ್ತದೆ. ಸರಳ ಮಾಡಿ ಹೇಳುತ್ತೇನೆ. ಮೊದಲನೆಯದಕ್ಕೆ 64 ಗಿಗಾಬೈಟ್ ಕೊಟ್ಟಿದ್ದೇವೆ. ಎರಡನೆಯದು ಅದರ ಮುಂದಿನಿಂದ ಶುರು. ಎರಡನೆಯ ಸಿಸ್ಟಮ್ "ಸೊನ್ನೆ ನಂಬರ್ ಮನೆ ಕೊಡು" ಅಂದಾಗ ಹಾರ್ಡ್‌ವೇರ್ 64 ಗಿಗಾಬೈಟ್ ಕೂಡಿಸಿ ಆ ಜಾಗ ತೋರಿಸುತ್ತದೆ. "ಹತ್ತನೆಯದು ಕೊಡು" ಅಂದರೂ ಅದೇ ಲೆಕ್ಕ. ತನ್ನ ಪಾಲಿನ ಕೊನೆ ದಾಟಿದ ನಂಬರ್ ಕೇಳಿದರೆ ಅಂಥ ವಿಳಾಸವೇ ಇಲ್ಲ ಅನ್ನುವ ಉತ್ತರ ಬರುತ್ತದೆ. ಈ ಕೂಡಿಸುವ ಕೆಲಸ, ಪರೀಕ್ಷಿಸುವ ಕೆಲಸ ಎರಡನ್ನೂ ಸರ್ಕ್ಯೂಟ್ ಮಾಡುತ್ತದೆ, ಪ್ರತಿ ಸಲವೂ.

ಇದರ ಗಟ್ಟಿತನ ಎಲ್ಲಿದೆ ಗೊತ್ತಾ? ಎರಡನೆಯ ಸಿಸ್ಟಮ್‌ಗೆ ಮೊದಲನೆಯದರ ಜಾಗ ಮುಟ್ಟಬೇಡ ಅಂತ ಯಾರೂ ಹೇಳಿಲ್ಲ. ಹೇಳುವ ಅಗತ್ಯವೇ ಇಲ್ಲ. ಆ ಜಾಗದ ವಿಳಾಸ ಬರೆಯಲು ಅದರ ಹತ್ತಿರ ಅಂಕಿಯೇ ಇಲ್ಲ. ಸೊನ್ನೆಗಿಂತ ಹಿಂದೆ ಯಾವ ನಂಬರ್ ಇದೆ ಹೇಳಿ? ನಮ್ಮ ತೋಟದ ಗಡಿಕಲ್ಲನ್ನು ಯಾರಾದರೂ ರಾತ್ರಿ ಎರಡು ಮೊಳ ಆಚೆ ಸರಿಸಿದರೆ ಗೊತ್ತಾಗುವಾಗ ವರ್ಷ ಕಳೆದಿರುತ್ತದೆ. ಇಲ್ಲಿ ಕಲ್ಲಿನ ಆಚೆಗೆ ನೆಲವೇ ಕಾಣುವುದಿಲ್ಲ. ಪಿಆರ್/ಎಸ್ಎಂನ ಈ ಬೇರ್ಪಡಿಕೆಯನ್ನು ಹೊರಗಿನವರು ಪರೀಕ್ಷಿಸಿ ಇಎಎಲ್5+ ಅನ್ನುವ ಭದ್ರತಾ ದರ್ಜೆ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಕಂಪ್ಯೂಟರ್ ಸಾಫ್ಟ್‌ವೇರ್‌ಗೆ ಸಿಗುವುದಕ್ಕಿಂತ ಇದು ಮೇಲಿನ ದರ್ಜೆ.

ಇನ್ನು ನೀರು. ಕೆಲವು ಎಲ್‌ಪಾರ್‌ಗೆ ಇಡೀ ಪ್ರೊಸೆಸರನ್ನೇ ಬರೆದುಕೊಡಬಹುದು. ಆದರೆ ಹಾಗೆ ಬರೆದುಕೊಟ್ಟ ಪ್ರೊಸೆಸರ್ ಕೆಲಸ ಇಲ್ಲದೆ ಕೂತಿದ್ದರೂ ಬೇರೆಯವರಿಗೆ ಸಿಗದು. ಹಾಗಾಗಿ ಹೆಚ್ಚಿನ ಕಡೆ ಪ್ರೊಸೆಸರ್‌ಗಳನ್ನು ಒಟ್ಟು ಇಟ್ಟು ಹಂಚುತ್ತಾರೆ. ಪ್ರತಿ ಎಲ್‌ಪಾರ್‌ಗೂ ಒಂದು ತೂಕ ಕೊಡುತ್ತಾರೆ. ತೂಕ ಅಂದರೆ ಬರೀ ಒಂದು ಅಂಕಿ.

ಒಂದು ಲೆಕ್ಕ ಮಾಡೋಣ. ಹತ್ತು ಪ್ರೊಸೆಸರ್ ಇವೆ. ಪ್ರೊಡಕ್ಷನ್‌ಗೆ 700, ಟೆಸ್ಟ್‌ಗೆ 200, ಡೆವಲಪ್‌ಮೆಂಟ್‌ಗೆ 100 ತೂಕ. ಒಟ್ಟು 1000. ಎಲ್ಲರಿಗೂ ಒಟ್ಟಿಗೇ ಹಸಿವಾದಾಗ ಪ್ರೊಡಕ್ಷನ್‌ಗೆ ಏಳು ಪ್ರೊಸೆಸರ್‌ನಷ್ಟು, ಟೆಸ್ಟ್‌ಗೆ ಎರಡರಷ್ಟು, ಡೆವಲಪ್‌ಮೆಂಟ್‌ಗೆ ಒಂದರಷ್ಟು ಸಮಯ ಸಿಗುತ್ತದೆ. ಆದರೆ ಮಧ್ಯರಾತ್ರಿ ಪ್ರೊಡಕ್ಷನ್‌ಗೆ ಮೂರೇ ಸಾಕು ಅನ್ನಿ. ಉಳಿದ ಏಳು ಹಳ್ಳಕ್ಕೆ ಹೋಗುವುದಿಲ್ಲ. ಬೇಕಾದವರು ತೆಗೆದುಕೊಳ್ಳಬಹುದು. ಟೆಸ್ಟ್ ತನ್ನ ಎರಡರ ಪಾಲು ದಾಟಿ ನಾಲ್ಕರಷ್ಟು ಎಳೆದರೂ ತಪ್ಪಿಲ್ಲ. ಪ್ರೊಡಕ್ಷನ್ ಮತ್ತೆ ಕೇಳಿದ ಕೂಡಲೇ ಅದರ ಪಾಲು ಅದಕ್ಕೆ ವಾಪಸ್. ಅಂದರೆ ತೂಕ ಲೆಕ್ಕಕ್ಕೆ ಬರುವುದು ನೀರಿಗೆ ಜಗಳ ಇದ್ದಾಗ ಮಾತ್ರ. ಹೊಸಬರು ಮರೆಯುವುದು ಇದನ್ನೇ. 200 ಅಂದರೆ ಶೇಕಡ 20ಕ್ಕಿಂತ ಮೇಲೆ ಹೋಗುವಂತಿಲ್ಲ ಅಂದುಕೊಳ್ಳುತ್ತಾರೆ. ಅಲ್ಲ, ಅದು ಕಡಿಮೆ ಎಂದರೆ ಸಿಗುವ ಪಾಲು, ಮಿತಿ ಅಲ್ಲ.

ಮಿತಿ ಬೇಕಿದ್ದರೆ ಬೇರೆ ದಾರಿಗಳಿವೆ. ಪ್ರತಿ ಎಲ್‌ಪಾರ್‌ಗೂ ಇಷ್ಟು ಲಾಜಿಕಲ್ ಪ್ರೊಸೆಸರ್ ಅಂತ ಕೊಡುತ್ತೇವೆ. ಒಳಗಿನ ಸಿಸ್ಟಮ್‌ಗೆ ಕಾಣುವುದು ಅಷ್ಟೇ. ಇದು ಪೈಪಿನ ಗಾತ್ರ ಇದ್ದ ಹಾಗೆ. ನಾಲ್ಕು ಲಾಜಿಕಲ್ ಪ್ರೊಸೆಸರ್ ಇರುವ ಟೆಸ್ಟ್‌ಗೆ ಕೆರೆ ತುಂಬಿ ಹರಿದರೂ ನಾಲ್ಕಕ್ಕಿಂತ ಜಾಸ್ತಿ ಬಾರದು. ಇನ್ನೂ ಬಿಗಿ ಬೇಕಾದರೆ ಕ್ಯಾಪ್ ಹಾಕಬಹುದು. ಆಗ ಮಾತ್ರ ತೂಕವೇ ಮಿತಿಯಾಗುತ್ತದೆ.

ಕ್ಯಾಪ್ ಹಾಕುವುದಕ್ಕೆ ದೊಡ್ಡ ಕಾರಣ ದುಡ್ಡು. ಮೇನ್‌ಫ್ರೇಮ್ ಸಾಫ್ಟ್‌ವೇರ್‌ನ ತಿಂಗಳ ಬಿಲ್ಲನ್ನು ತುಂಬಾ ವರ್ಷಗಳಿಂದ ಹೀಗೆ ಲೆಕ್ಕ ಹಾಕುತ್ತಾ ಬಂದಿದ್ದಾರೆ: ಹಿಂದಿನ ನಾಲ್ಕು ಗಂಟೆಗಳ ಸರಾಸರಿ ಬಳಕೆಯನ್ನು ಸತತವಾಗಿ ನೋಡುತ್ತಾ ಹೋಗುವುದು, ತಿಂಗಳಲ್ಲಿ ಅದು ಎಲ್ಲಿ ಅತಿ ಮೇಲೆ ಮುಟ್ಟಿತೋ ಅದಕ್ಕೆ ದರ ಹಾಕುವುದು. ಒಂದು ಸಂಜೆ ಟೆಸ್ಟ್‌ನವರು ಸುಮ್ನೆ ಏನೋ ಭಾರೀ ಕೆಲಸ ಹಚ್ಚಿದರೂ ಇಡೀ ತಿಂಗಳ ಬಿಲ್ ಏರಬಹುದು. ಹಾಗಾಗಿ ಉಳಿದ ನೀರನ್ನು ಪಕ್ಕದವರಿಗೆ ಬಿಡಬೇಕೋ ಬೇಡವೋ ಅನ್ನುವುದು ನಮ್ಮಲ್ಲಿ ಪ್ರತಿ ಸಲ ಚರ್ಚೆಗೆ ಬರುತ್ತದೆ. ನನ್ನ ಅಭಿಪ್ರಾಯ, ಪ್ರೊಡಕ್ಷನ್‌ಗೆ ಆದಷ್ಟು ಕ್ಯಾಪ್ ಹಾಕಬಾರದು. ಟೆಸ್ಟ್‌ಗೆ ಮೊದಲ ದಿನವೇ ಹಾಕಿಡಬೇಕು.

ತೋಟದ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಕೆರೆಯ ನೀರನ್ನು ನಾಳೆಗೆ ಉಳಿಸಬಹುದು, ಪ್ರೊಸೆಸರ್‌ನ ಸಮಯವನ್ನು ಉಳಿಸಲಾಗದು. ಬಳಸದ ಒಂದು ಸೆಕೆಂಡ್ ಹೋಯಿತು ಅಂದರೆ ಹೋಯಿತು. ಪಾಳಿ ಬದಲಾಗುವ ವೇಗವೂ ಬೇರೆ. ನಮ್ಮಲ್ಲಿ ಪಾಳಿ ಗಂಟೆಗಳ ಲೆಕ್ಕ. ಪ್ರಿಜ್ಮ್ ಒಬ್ಬರ ಕೈಗೆ ಪ್ರೊಸೆಸರ್ ಕೊಟ್ಟರೆ ಸಾಮಾನ್ಯವಾಗಿ 12.5ರಿಂದ 25 ಮಿಲಿಸೆಕೆಂಡ್‌ಗೆ ಕಿತ್ತುಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ನಾಲ್ಕಾರು ಪಾಳಿ ಮುಗಿದಿರುತ್ತದೆ. ಒಳಗಿನ ಸಿಸ್ಟಮ್‌ಗೆ ತನ್ನನ್ನು ನಿಲ್ಲಿಸಿದ್ದು ಆ ಗಳಿಗೆಯಲ್ಲಿ ಗೊತ್ತಾಗುವುದಿಲ್ಲ. ಆಮೇಲೆ ಗಡಿಯಾರ ನೋಡಿದಾಗ ಲೆಕ್ಕ ತಾಳೆಯಾಗದು: ಒಂದು ಸೆಕೆಂಡ್ ಕಳೆದಿದೆ, ಕೆಲಸ ಆಗಿದ್ದು ಅರ್ಧ ಸೆಕೆಂಡಿನದು. ಲಿನಕ್ಸ್‌ನಲ್ಲಿ ಟಾಪ್ ಕಮಾಂಡ್ ಹಾಕಿದರೆ ಕೊನೆಗೆ ಎಸ್‌ಟಿ ಅನ್ನುವ ಅಂಕಿ ಕಾಣುತ್ತದಲ್ಲ, ಅದು ಇದೇ. ಓಡಲು ತಯಾರಿದ್ದೆ, ಆದರೆ ನನ್ನ ಪಾಳಿ ಇರಲಿಲ್ಲ ಅನ್ನುವ ಸಮಯ.

ಹಾಗಾದರೆ ಒಳಗಿನ ಸಿಸ್ಟಮ್ ಯಜಮಾನನ ಕೆಲಸವನ್ನೇ ಮಾಡಲು ಹೊರಟರೆ? ಆಪರೇಟಿಂಗ್ ಸಿಸ್ಟಮ್ ಅಂದಮೇಲೆ ಡಿಸ್ಕ್ ಓಡಿಸಬೇಕು, ಮೆಮೊರಿ ಬೀಗ ಬದಲಿಸಬೇಕು. ಇವೆಲ್ಲ ಯಜಮಾನ ಮಾತ್ರ ಕೊಡಬಹುದಾದ ಅಪ್ಪಣೆಗಳು. ಈ ಗಂಟನ್ನು ಮೊದಲು ಬಿಡಿಸಿದ್ದು 1960ರ ದಶಕದಲ್ಲಿ.

ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಘೋಷಿಸಿತು. ಆಗ ಮೆಷಿನ್ ಕೋಟಿಗಟ್ಟಲೆ ಬೆಲೆಯದು, ಒಬ್ಬೊಬ್ಬರಿಗೆ ಒಂದೊಂದು ಕೊಡುವ ಮಾತೇ ಇಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ಸೈಂಟಿಫಿಕ್ ಸೆಂಟರ್‌ನಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಣ್ಣ ತಂಡ ಬೇರೆ ತರಹ ಯೋಚಿಸಿತು. ಎಲ್ಲರೂ ಹಂಚಿಕೊಳ್ಳುವ ಒಂದು ದೊಡ್ಡ ಆಪರೇಟಿಂಗ್ ಸಿಸ್ಟಮ್ ಕಟ್ಟುವುದು ಬೇಡ. ಪ್ರತಿಯೊಬ್ಬರಿಗೂ ಒಂದು ಇಡೀ ಮೆಷಿನ್ ಇದೆ ಅನ್ನಿಸುವ ಹಾಗೆ ಮಾಡೋಣ. ಅವರ ಸಿಪಿ-40 ಅನ್ನುವ ವ್ಯವಸ್ಥೆ 1967ರ ಜನವರಿಯಲ್ಲಿ ಬಳಕೆಗೆ ಬಂತು. ಮಾಡೆಲ್ 40 ಮೆಷಿನ್ ಒಂದನ್ನು ಅದಕ್ಕೆಂದೇ ಮಾರ್ಪಾಡು ಮಾಡಿದ್ದರು. ಅದರಲ್ಲಿ 14 ಮೆಷಿನ್‌ವರೆಗೆ ಒಟ್ಟಿಗೆ ಓಡುತ್ತಿದ್ದವು, ಒಂದೊಂದಕ್ಕೂ 256 ಕಿಲೋಬೈಟ್ ಮೆಮೊರಿ. ಇವತ್ತು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಯುವುದಿಲ್ಲ.

ಅವರು ಕಂಡುಕೊಂಡ ಉಪಾಯ ಸರಳ. ಪ್ರೊಸೆಸರ್‌ನಲ್ಲಿ ಎರಡು ಅವಸ್ಥೆ ಇದೆ, ಯಜಮಾನನದ್ದು ಮತ್ತು ಸಾಮಾನ್ಯರದ್ದು. ಒಳಗಿನ ಆಪರೇಟಿಂಗ್ ಸಿಸ್ಟಮನ್ನು ಸಾಮಾನ್ಯರ ಅವಸ್ಥೆಯಲ್ಲೇ ಓಡಿಸುವುದು. ಅದು ಯಜಮಾನನ ಅಪ್ಪಣೆ ಕೊಟ್ಟ ಕೂಡಲೇ ಪ್ರೊಸೆಸರ್ ತಡೆದು ನಿಜವಾದ ಯಜಮಾನನನ್ನು ಎಬ್ಬಿಸುತ್ತದೆ. ಅವನು ಏನು ಕೇಳಿದ್ದಾರೆ ಅಂತ ನೋಡಿ, ಅವರ ಪಾಲಿನೊಳಗೆ ಎಷ್ಟು ಆಗಬೇಕೋ ಅಷ್ಟನ್ನು ಮಾಡಿ, ಆಯಿತು ಅಂತ ಹೇಳಿ ಮರಳಿಸುತ್ತಾನೆ. ಕೇಳಿದವರಿಗೆ ತಾವೇ ಮಾಡಿದೆವು ಅನ್ನಿಸುತ್ತದೆ. ಆದರೆ ಪ್ರತಿ ಸಲ ಎಬ್ಬಿಸುವುದಕ್ಕೆ ಸಮಯ ಹಿಡಿಯುತ್ತದೆ. ಮುಂದೆ ಹಾರ್ಡ್‌ವೇರ್‌ಗೇ ಎಸ್ಐಇ ಅನ್ನುವ ಅಪ್ಪಣೆ ಸೇರಿಸಿದರು. ಅದನ್ನು ಕೊಡುವಾಗ ಒಳಗಿನವರ ಪಾಲಿನ ವಿವರವನ್ನೆಲ್ಲ ಪ್ರೊಸೆಸರ್ ಕೈಗೇ ಒಪ್ಪಿಸಲಾಗುತ್ತದೆ. ಆಮೇಲೆ ಹೆಚ್ಚಿನ ಅಪ್ಪಣೆಗಳನ್ನು ಯಾರನ್ನೂ ಎಬ್ಬಿಸದೆ ಪ್ರೊಸೆಸರೇ ಆ ಪಾಲಿನ ಮಿತಿಯಲ್ಲಿ ನಡೆಸುತ್ತದೆ. ಇವತ್ತಿನ ಎಲ್‌ಪಾರ್ ನಿಂತಿರುವುದು ಅದರ ಮೇಲೆ.

ಸಿಪಿ-40ರ ನಂತರ ಸಿಪಿ-67, ಆಮೇಲೆ 1972ರ ಆಗಸ್ಟ್ 2ರಂದು ವಿಎಂ/370. ವಿಎಂ ಅಂದರೆ ವರ್ಚುವಲ್ ಮೆಷಿನ್, ಇದೆ ಅನ್ನಿಸುವ ಮೆಷಿನ್. ಅದರ ವಂಶದ ಝಡ್/ವಿಎಂ ಇಂದಿಗೂ ಮಾರಾಟದಲ್ಲಿದೆ. ಹಾರ್ಡ್‌ವೇರ್‌ನಲ್ಲೇ ಪಾಲು ಮಾಡುವ ದಾರಿಯನ್ನು 1980ರ ದಶಕದಲ್ಲಿ ಮೊದಲು ತೋರಿಸಿದ್ದು ಐಬಿಎಂನ ಪ್ರತಿಸ್ಪರ್ಧಿ ಆಮ್ಡಾಲ್. ಐಬಿಎಂ ತನ್ನ ಪಿಆರ್/ಎಸ್ಎಂ ತಂದಿದ್ದು 1988ರಲ್ಲಿ. ನಾವೆಲ್ಲ ಬಳಸುವ ಇಂಟೆಲ್ ಪ್ರೊಸೆಸರ್‌ಗಳಿಗೆ ಇಂಥ ಹಾರ್ಡ್‌ವೇರ್ ನೆರವು ಬಂದಿದ್ದು 2005ರಲ್ಲಿ. ಕ್ಲೌಡ್ ಅಂತ ನಾವು ಕರೆಯುವುದರ ಬೇರು ಎಷ್ಟು ಹಳೆಯದು ನೋಡಿ.

ಝಡ್/ವಿಎಂಗೂ ಎಲ್‌ಪಾರ್‌ಗೂ ಏನು ವ್ಯತ್ಯಾಸ? ಎಲ್‌ಪಾರ್‌ನಲ್ಲಿ ಮೆಮೊರಿ ನಿಜವಾಗಿ ಹಿಸೆ ಆಗಿರುತ್ತದೆ. 64 ಅಂದರೆ 64. ಝಡ್/ವಿಎಂ ಒಂದು ಎಲ್‌ಪಾರ್ ಒಳಗೆ ಕೂತು, ತನ್ನ ಪಾಲನ್ನು ಮತ್ತೆ ನೂರಾರು ಮೆಷಿನ್‌ಗಳಿಗೆ ಹಂಚುತ್ತದೆ. ಇರುವುದಕ್ಕಿಂತ ಜಾಸ್ತಿ ಮೆಮೊರಿಯನ್ನೂ ಮಾತು ಕೊಡುತ್ತದೆ. ಎಲ್ಲರೂ ಒಮ್ಮೆಲೇ ಕೇಳುವುದಿಲ್ಲ ಅನ್ನುವ ನಂಬಿಕೆ ಮೇಲೆ, ಬಳಸದೆ ಇದ್ದ ತುಂಡುಗಳನ್ನು ಡಿಸ್ಕ್‌ಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ. ಅಂದರೆ ಇಲ್ಲಿ ಜಾಗಕ್ಕೂ ಪಾಳಿ ಬಂತು. 2000ದ ಸುಮಾರಿಗೆ ಡೇವಿಡ್ ಬಾಯ್ಸ್ ಅನ್ನುವವರು ಒಂದೇ ಮೇನ್‌ಫ್ರೇಮ್‌ನಲ್ಲಿ ವಿಎಂ ಮೇಲೆ 41,400 ಲಿನಕ್ಸ್ ಓಡಿಸಿ ತೋರಿಸಿದರು. ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಅಂತ ಮಾಡಿದ ಪರೀಕ್ಷೆ ಅದು. ದಿನದ ಕೆಲಸಕ್ಕೆ ಯಾರೂ ಅಷ್ಟು ಇಡುವುದಿಲ್ಲ. ಆದರೆ ನೂರಾರು ಲಿನಕ್ಸ್ ಸರ್ವರ್‌ಗಳನ್ನು ಹೀಗೆ ಒಟ್ಟು ಮಾಡುವುದು ಅಲ್ಲಿಂದ ಮುಂದೆ ಮಾಮೂಲಾಯಿತು. ಝಡ್/ವಿಎಂ ಒಳಗೆ ಇನ್ನೊಂದು ಝಡ್/ವಿಎಂ ಕೂಡ ಓಡಿಸಬಹುದು. ಹೊಸ ಆವೃತ್ತಿಯನ್ನು ಪರೀಕ್ಷೆ ಮಾಡಲು ನಾವು ಹಾಗೇ ಮಾಡುತ್ತೇವೆ.

ಗೋಡೆ ಇಷ್ಟು ಗಟ್ಟಿ ಇದ್ದರೂ ಅದು ಕಾಯದ ಜಾಗಗಳಿವೆ. ಒಂದೇ ಡಿಸ್ಕನ್ನು ಎರಡು ಎಲ್‌ಪಾರ್‌ಗೆ ಕೊಟ್ಟಿದ್ದರೆ ಇಬ್ಬರೂ ಅದೇ ಫೈಲನ್ನು ಒಮ್ಮೆಗೇ ಬರೆದು ಹಾಳು ಮಾಡಬಹುದು. ಅದಕ್ಕೆ ಸಿಸ್ಟಮ್‌ಗಳ ನಡುವೆ ಬೀಗದ ಒಪ್ಪಂದ ಬೇರೆಯೇ ಇರಬೇಕು. ಇನ್ನೊಂದು, ಕೆರೆಯೇ ಒಣಗಿದರೆ ಮೂರು ಮನೆಗೂ ನೀರಿಲ್ಲ. ಮೆಷಿನ್ ಇರುವ ಕಟ್ಟಡಕ್ಕೇ ಏನಾದರೂ ಆದರೆ ಅದರೊಳಗಿನ ಎಲ್ಲ ಎಲ್‌ಪಾರ್ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಎರಡು ಮೆಷಿನ್‌ಗಳ ಎಲ್‌ಪಾರ್‌ಗಳನ್ನು ಜೋಡಿಸಿ ಒಂದೇ ಕೆಲಸ ಮಾಡಿಸುವ ಪ್ಯಾರಲಲ್ ಸಿಸ್‌ಪ್ಲೆಕ್ಸ್ ಅನ್ನುವ ವ್ಯವಸ್ಥೆ 1990ರ ದಶಕದಲ್ಲೇ ಬಂದಿದೆ.

ಮೂರನೆಯದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಎಲ್‌ಪಾರ್‌ಗಳ ಹೆಸರಿನಲ್ಲಿ ಕೊನೆಯ ಒಂದೇ ಅಕ್ಷರ ಬೇರೆ ಇತ್ತು. ಟಿ ಇದ್ದರೆ ಟೆಸ್ಟ್, ಪಿ ಇದ್ದರೆ ಪ್ರೊಡಕ್ಷನ್. ಸಿಸ್ಟಮನ್ನು ಹೊಸದಾಗಿ ಎಬ್ಬಿಸುವುದಕ್ಕೆ ನಮ್ಮಲ್ಲಿ ಐಪಿಎಲ್ ಅನ್ನುತ್ತಾರೆ. ಅದನ್ನು ಎಚ್ಎಂಸಿ ಅನ್ನುವ ಪರದೆಯಿಂದ ಮಾಡಬೇಕು. ಒಂದು ಭಾನುವಾರ ಬೆಳಗಿನ ಜಾವ ಟೆಸ್ಟ್ ಸಿಸ್ಟಮ್‌ಗೆ ಮಾಡಬೇಕಾದ ಐಪಿಎಲ್ ಪ್ರೊಡಕ್ಷನ್‌ಗೆ ಹೋಯಿತು. ಖಚಿತವೇ ಅಂತ ಪರದೆ ಕೇಳಿತ್ತು. ನಿದ್ದೆಗಣ್ಣಲ್ಲಿ ಹೌದು ಅಂತ ಒತ್ತಿಯಾಗಿತ್ತು. ಓಡುತ್ತಿದ್ದ ಕೆಲಸಗಳೆಲ್ಲ ಒಂದೇ ಏಟಿಗೆ ನಿಂತವು. ಎಲ್ಲ ಸರಿಮಾಡುವಾಗ ಮಧ್ಯಾಹ್ನ ದಾಟಿತ್ತು. ಪಕ್ಕದ ಎಲ್‌ಪಾರ್‌ಗಳಿಗೆ ಮಾತ್ರ ಏನೂ ಆಗಲಿಲ್ಲ. ಅವು ತಮ್ಮ ಪಾಡಿಗೆ ಓಡುತ್ತಲೇ ಇದ್ದವು. ಗೋಡೆ ತನ್ನ ಕೆಲಸ ಮಾಡಿತ್ತು, ಆದರೆ ಅದು ಪ್ರೋಗ್ರಾಂಗಳನ್ನು ತಡೆಯುತ್ತದೆ, ಬೀಗದ ಕೈ ಹಿಡಿದವರನ್ನಲ್ಲ. ಎಚ್ಎಂಸಿಯಲ್ಲಿ ಇಂಥ ಅಪಾಯದ ಕೆಲಸಗಳಿಗೆ ಮುಂಚೆಯೇ ಬೀಗ ಹಾಕಿಡುವ ಆಯ್ಕೆ ಇದೆ. ಅದನ್ನು ತೆಗೆಯದೆ ಐಪಿಎಲ್ ಮಾಡಲಾಗದು. ನೀವು ಈ ಕೆಲಸಕ್ಕೆ ಹೊಸಬರಾಗಿದ್ದರೆ ಪ್ರೊಡಕ್ಷನ್‌ಗೆ ಆ ಬೀಗ ಬಿದ್ದಿದೆಯಾ ಅಂತ ಮೊದಲು ನೋಡಿ.

ಇದನ್ನೆಲ್ಲ ಕೈಯಾರೆ ಮಾಡಿ ನೋಡಲು ಮೇನ್‌ಫ್ರೇಮ್ ಬೇಕಿಲ್ಲ. ಹರ್ಕ್ಯುಲಿಸ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ರೋಜರ್ ಬೌಲರ್ ಶುರು ಮಾಡಿದ್ದು. ಅದು ಲ್ಯಾಪ್‌ಟಾಪ್ ಒಳಗೆ ಮೇನ್‌ಫ್ರೇಮ್‌ನ ಹಾರ್ಡ್‌ವೇರನ್ನೇ ಅನುಕರಿಸುತ್ತದೆ. ಹಳೆಯ ವಿಎಂ/370 ಕೂಡ ಉಚಿತವಾಗಿ ಸಿಗುತ್ತದೆ. ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮನ ಮಗ ಕಾಲೇಜಿಗೆ ರಜೆ ಅಂತ ಬಂದಿದ್ದ. ಅವನ ಲ್ಯಾಪ್‌ಟಾಪ್‌ನಲ್ಲೇ ಹಾಕಿದೆವು.

ಕಪ್ಪು ಪರದೆ, ಹಸಿರು ಅಕ್ಷರ. ಲಾಗಾನ್ ಆದ ಮೇಲೆ ಬಲಗಡೆ ಕೆಳಮೂಲೆಯಲ್ಲಿ "ಸಿಪಿ ರೀಡ್" ಅಂತ ಬಂತು. ಅಂದರೆ ಅವನಿಗೊಂದು ಮೆಷಿನ್ ಸಿಕ್ಕಿದೆ, ಆದರೆ ಅದರಲ್ಲಿ ಇನ್ನೂ ಆಪರೇಟಿಂಗ್ ಸಿಸ್ಟಮ್ ಇಲ್ಲ. ಮಾತಾಡುತ್ತಿರುವುದು ಯಜಮಾನನ ಜೊತೆ. "ಐಪಿಎಲ್ ಸಿಎಂಎಸ್" ಅಂತ ಹೊಡೆದ. ಸಿಎಂಎಸ್ ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎದ್ದಿತು, ಮೂಲೆಯ ಅಕ್ಷರ "ವಿಎಂ ರೀಡ್" ಆಯಿತು. ಈಗ ಮಾತಾಡುತ್ತಿರುವುದು ಒಳಗಿನವರ ಜೊತೆ. ಇಡೀ ವಿಷಯ ಆ ಮೂಲೆಯ ಎರಡು ಅಕ್ಷರದಲ್ಲಿದೆ. ಆಮೇಲೆ "ಕ್ವೆರಿ ವರ್ಚುವಲ್" ಅಂತ ಕೇಳಿದ. ಅವನ ಮೆಷಿನ್‌ನ ಸಾಮಾನುಗಳ ಪಟ್ಟಿ ಬಂತು: 009 ನಂಬರಿನಲ್ಲಿ ಕನ್ಸೋಲ್, 00ಸಿಯಲ್ಲಿ ಕಾರ್ಡ್ ರೀಡರ್ (ಹಿಂದಿನ ಕಾಲದ ತೂತು ಹೊಡೆದ ಕಾರ್ಡ್ ಓದುವುದು), 00ಡಿಯಲ್ಲಿ ಕಾರ್ಡ್ ಪಂಚ್ (ಕಾರ್ಡಿಗೆ ತೂತು ಹೊಡೆಯುವುದು), 00ಇಯಲ್ಲಿ ಪ್ರಿಂಟರ್, 191ರಲ್ಲಿ ಅವನದೇ ಡಿಸ್ಕ್.

"ಅಕ್ಕಾ, ಕಾರ್ಡ್ ರೀಡರ್ ಎಲ್ಲಿದ್ದು?" ಅಂತ ಕೇಳಿದ.

ಇನ್ನೊಂದು ಕಿಟಕಿ ತೆರೆದು ನಾನು ಬೇರೆ ಹೆಸರಲ್ಲಿ ಲಾಗಾನ್ ಆದೆ. ಈಗ ಎರಡು ಮೆಷಿನ್. ಅವನ ಪಂಚ್‌ನಿಂದ ಹೊರಡುವ ಕಾರ್ಡ್ ನನ್ನ ಕಡೆ ಬರಲಿ ಅಂತ "ಸ್ಪೂಲ್ ಪಂಚ್ ಟು" ಹಾಕಿ ನನ್ನ ಹೆಸರು ಕೊಡಿಸಿದೆ. ಅವನು "ಡಿಸ್ಕ್ ಡಂಪ್" ಅಂತ ಹೊಡೆದು ಒಂದು ಫೈಲ್ ಕಳಿಸಿದ. ನನ್ನ ಪರದೆಯಲ್ಲಿ "ಡಿಸ್ಕ್ ಲೋಡ್" ಹೊಡೆದೆ. ಫೈಲ್ ನನ್ನ ಡಿಸ್ಕ್‌ಗೆ ಬಂದು ಕೂತಿತು. ಅವನ ಪಂಚ್ ಕಾರ್ಡಿಗೆ ತೂತು ಹೊಡೆದೆ ಅಂದುಕೊಂಡಿತ್ತು, ನನ್ನ ರೀಡರ್ ಕಾರ್ಡ್ ಓದಿದೆ ಅಂದುಕೊಂಡಿತ್ತು. ನಡುವೆ ಕಾರ್ಡೇ ಇರಲಿಲ್ಲ. ಅವನು ಮತ್ತೊಂದು ಫೈಲ್ ಕಳಿಸಲು ಹೊರಟ, ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪ್‌ನ ಬ್ಯಾಟರಿ ಇತ್ತು, ಇಬ್ಬರೂ ಕತ್ತಲಲ್ಲೇ ಕೂತು ಮುಂದುವರಿಸಿದೆವು.